ಅಕ್ಕನಿಗೆ ಕೊಟ್ಟ ಪಾಲು

ಒಬ್ಬ ಇಸ್ತ್ರಿ ಅಂಗಡಿಯವನಿದ್ದ. ಅವನ ಇಸ್ತ್ರಿ ಪೆಟ್ಟಿಗೆ ತಾಗಿದರೆ ಆನೆಯ ಮೈಸುಕ್ಕೂ ಮಾಯವಂತೆ. ಹಾಗೆ ಇಸ್ತ್ರಿಯಾದ ಒಂದು ಆನೆಯನ್ನು ಅದರ ಹಿಂಡೇ ಗುರುತು ಹಿಡಿಯಲಿಲ್ಲವಂತೆ. ಗಿರಾಕಿಗಳಿಗೆ ಇದನ್ನು ಹೇಳಿದವನೂ ಅವನೇ.

ಇಂಥ ಶೂರನ ಕಾಲು ಒಂದು ದಿನ ಸೆಡೆತುಕೊಂಡಿತು. ಪೆಟ್ಟಿಗೆ ಎತ್ತಲೂ ಕೈಯಲ್ಲಿ ಕಸುವಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಬಿ.ಪಿ.ಗೆಂದು ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಮೈಯಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಅದನ್ನು ತುಂಬಲು ಬೇರೆ ಮಾತ್ರೆ ಬರೆದರು. ಊಟವಾದ ಮೇಲೆ ತುಂಬು ಲೋಟ ನೀರಿನಲ್ಲಿ ಇಡಿಯಾಗಿ ನುಂಗಬೇಕು, ಹೇಳಿದ ದಿನ ಮತ್ತೆ ರಕ್ತ ಕೊಡಬೇಕು ಎಂದರು. ಹಾಗೇ ಮಾಡಿದ, ಗುಣವಾಯಿತು. ಆಮೇಲೆ ಬೀದಿಯಲ್ಲೆಲ್ಲ ಆ ಮಾತ್ರೆಯದೇ ಡಂಗುರ. ನುಂಗಿದರೆ ಬಿದ್ದ ಗೋಡೆಯೂ ಎದ್ದು ನಿಲ್ಲುತ್ತದಂತೆ.

ಅಂಗಡಿಯಲ್ಲಿ ಬಟ್ಟೆ ಮಡಿಸುತ್ತಿದ್ದವಳು ಅವನ ಅಕ್ಕ. ಅವಳಿಗೆ ಕಿಡ್ನಿಯ ತೊಂದರೆ. ಚಿಕ್ಕಂದಿನಿಂದ ಏನು ಸಿಕ್ಕರೂ ಇಬ್ಬರಿಗೂ ಸಮಪಾಲು. ಅಕ್ಕ ಸುಸ್ತು ಎಂದೊಡನೆ ತಮ್ಮ ತನ್ನ ಮಾತ್ರೆಯನ್ನೇ ಚಾಚಿದ.

"ಬೇಡ ಕಣೋ, ನನ್ನ ಡಾಕ್ಟರನ್ನ ಒಂದು ಮಾತು ಕೇಳೋಣ."

"ಅವರನ್ನೇನು ಕೇಳೋದು? ನಮ್ಮಿಬ್ಬರದೂ ಒಂದೇ ರಕ್ತ ತಾನೇ?"

ಮಾತ್ರೆ ದಪ್ಪ, ಗಂಟಲಲ್ಲಿ ಇಳಿಯದು ಎಂದಳು. ಅವನು ಅದನ್ನು ಕಾಗದದಲ್ಲಿ ಮಡಿಸಿ, ಆರಿದ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಪುಡಿ ಮಾಡಿ ನೀರಿಗೆ ಹಾಕಿ ಕೊಟ್ಟ. ಹೊಟ್ಟೆಯಲ್ಲಿ ನಿಧಾನವಾಗಿ ಕರಗಬೇಕಾದ ಮಾತ್ರೆ ಅದು; ಪುಡಿಯಾದರೆ ಒಮ್ಮೆಲೇ ಮೈಗೆ ಸೇರುತ್ತದೆ. ತಮ್ಮನ ಮನಸ್ಸು ಮುರಿಯಬಾರದೆಂದು ಅಕ್ಕ ದಿನವೂ ಕುಡಿದಳು. ಸುಸ್ತು ಹೆಚ್ಚಾಯಿತು. ಅವನು ಪುಡಿಯನ್ನೂ ಹೆಚ್ಚಿಸಿದ.

ಕೊನೆಗೊಂದು ಬೆಳಿಗ್ಗೆ ಅರ್ಧ ಮಡಿಸಿದ ಹೊದಿಕೆಯ ಮೇಲೆಯೇ ಅಕ್ಕ ಕುಸಿದಳು.

ಆಸ್ಪತ್ರೆಯಲ್ಲಿ ನರ್ಸಮ್ಮ ಏನೇನು ಔಷಧಿ ಕೊಟ್ಟಿರಿ ಎಂದು ಕೇಳಿದಾಗ, ಅಕ್ಕನನ್ನು ಹೂವಿನ ಹಾಗೆ ನೋಡಿಕೊಂಡಿದ್ದೇನೆ, ಕಿಡ್ನಿ ಡಾಕ್ಟರು ಬರೆದದ್ದು ಬಿಟ್ಟು ಬೇರೇನೂ ಕೊಟ್ಟಿಲ್ಲ ಎಂದು ಎದೆಯುಬ್ಬಿಸಿದ. ರಕ್ತದ ವರದಿ ಬಂದಾಗ ನರ್ಸಮ್ಮ ಮತ್ತೆ ಕೇಳಿದರು.

"ಪೊಟ್ಯಾಸಿಯಂ ಮಿತಿ ಮೀರಿದೆ. ಅದಕ್ಕೇ ಎದೆಬಡಿತ ತಪ್ತಾ ಇದೆ. ಕಿಡ್ನಿ ಸೋತವರ ಮೈಯಿಂದ ಅದು ಸರಿಯಾಗಿ ಹೊರಗೆ ಹೋಗಲ್ಲ. ನಿಜ ಹೇಳಿ ಅಣ್ಣ, ಏನು ಕೊಟ್ರಿ?"

ಎಷ್ಟೋ ಕತೆ ಕಟ್ಟಿದವನು ಬಾಗಿಲ ಕಡೆ ತಿರುಗಿದ. ಗಾಜಿನ ಬಾಗಿಲಾಚೆ ಅಕ್ಕನ ಕಾಲಷ್ಟೇ ಕಾಣುತ್ತಿತ್ತು.

"ನನ್ನ ಮಾತ್ರೆ. ಪುಡಿ ಮಾಡಿ ನಾನೇ ಕುಡಿಸಿದೆ. ಅವಳು ಬೇಡ ಅಂದಿದ್ಲು."

ಅಕ್ಕ ಉಳಿದಳು. ಆದರೆ ಅಂಗಡಿಯಲ್ಲಿ ನಿಂತು ಬಟ್ಟೆ ಮಡಿಸುವಷ್ಟು ಶಕ್ತಿ ಮರಳಲಿಲ್ಲ. ಒಂದು ಮಾತೂ ಬೈಯಲಿಲ್ಲ. ತಮ್ಮ ನೀರು ಕೊಟ್ಟರೂ ಈಗ ಲೋಟದೊಳಗೆ ಒಮ್ಮೆ ನೋಡಿಯೇ ಕುಡಿಯುತ್ತಾಳೆ. ಅದನ್ನು ಕಂಡಾಗಲೆಲ್ಲ ಅವನು ಮುಖ ತಿರುಗಿಸಿಕೊಳ್ಳುತ್ತಾನೆ.

ಓದುವ ಅಕ್ಕ, ಅಣ್ಣಂದಿರೇ, ಪೊಟ್ಯಾಸಿಯಂ ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ರಕ್ತ ಪರೀಕ್ಷೆ ಇಲ್ಲದೆ ಈ ಮಾತ್ರೆ ಶುರುಮಾಡಬೇಡಿ. ಜಗಿಯಬೇಡಿ, ಪುಡಿ ಮಾಡಬೇಡಿ. ನುಂಗಲಾಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ದಾರಿ ಇದೆ. ಕಿಡ್ನಿ ತೊಂದರೆಯನ್ನೂ, ನೀವು ನುಂಗುವ ಬೇರೆ ಮಾತ್ರೆಗಳನ್ನೂ, ಉಪ್ಪಿನ ಬದಲಿಗೆ ಬಳಸುವ, ಪೊಟ್ಯಾಸಿಯಂ ಇರುವ ಪುಡಿಯನ್ನೂ ಡಾಕ್ಟರಿಂದ ಮುಚ್ಚಿಡಬೇಡಿ. ನಿಮ್ಮ ಮಾತ್ರೆ ನಿಮಗೆ ಮಾತ್ರ. ಎಷ್ಟೇ ಪ್ರೀತಿಯಿದ್ದರೂ ಅದರಲ್ಲಿ ಯಾರಿಗೂ ಪಾಲು ಕೊಡಬೇಡಿ.