ಕೂರುವ ಅಭ್ಯಾಸ

ಪುಸ್ತಕ ತೆರೆದು ಕೂತ ಮೇಲೆ ಅವಳು ಆಗಲೇ ಮೂರು ಸಲ ಎದ್ದಿದ್ದಳು. ಮೊದಲು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು, ಆರಿಸಿದ್ದಳು. ಆಮೇಲೆ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡಲು, ಒಣಗಿರಲಿಲ್ಲ. ಮೂರನೆಯ ಸಲ ಎದ್ದದ್ದು ಯಾಕೆಂಬುದು ಅಡುಗೆಮನೆಯ ನಡುವೆ ನಿಂತಾಗ ಮರೆತೇ ಹೋಗಿತ್ತು. ಎದ್ದದ್ದಕ್ಕೆ ಒಂದು ನೆಪವಿರಲಿ ಎಂದು ಸಕ್ಕರೆ ಡಬ್ಬಿಯ ಮುಚ್ಚಳ ಒರೆಸಿಟ್ಟು ಬಂದಳು.

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತೇ ಅವಳ ಕೂದಲು ನರೆಯತೊಡಗಿತ್ತು. ಈಗ ಹೊಸ ನಿಯಮ ಬಂದಿತ್ತು: ಪರೀಕ್ಷೆ ಪಾಸಾದವರು ಮಾತ್ರ ಔಷಧಿ ಕೊಡಬೇಕು. ಇದ್ದ ಮೂರು ಅವಕಾಶಗಳಲ್ಲಿ ಎರಡನ್ನು ಅವಳು ಕಳೆದುಕೊಂಡಾಗಿತ್ತು.

"ಇದೂ ಹೋದ್ರೆ ಹಿಂದ್ಗಡೆ ಬಾಕ್ಸ್ ಬಿಚ್ಚೋ ಕೆಲಸ ಇದ್ದೇ ಇದೆಯಲ್ಲಮ್ಮ, ನಿಮ್ಮನ್ನೇನು ಬಿಡ್ಸಲ್ಲ," ಎಂದಿದ್ದರು ಅಂಗಡಿಯ ಯಜಮಾನರು.

ಒಳ್ಳೆಯ ಮಾತೇ. ಆದರೆ ಹಿಂದಿನ ಆ ಕೋಣೆಗೆ ಬಂದು, 'ಅಮ್ಮಾ, ಇದನ್ನ ಊಟಕ್ಕೆ ಮುಂಚೆ ತಗೊಳ್ಳೋದಾ, ಆಮೇಲಾ?' ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಅವಳನ್ನು ಎಲ್ಲರೂ ಕೇಳುತ್ತಿದ್ದದ್ದು ಯಾವುದು ಎಲ್ಲಿದೆ ಎಂದು; ಕೌಂಟರಿನಲ್ಲಿ ಮಾತ್ರ ಏನು ಮಾಡಬೇಕೆಂದು ಕೇಳುತ್ತಿದ್ದರು. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಗೋಡೆಯ ಮೇಲೆ ಟೈಮ್‌ಟೇಬಲ್ ಇತ್ತು. ಹಸಿರು, ನೀಲಿ, ಕೆಂಪು ಬಣ್ಣ, ಸುತ್ತ ಅಂಚು. ಅದನ್ನು ನೋಡಿದ ದಿನ ತಂಗಿ ಬಿದ್ದು ಬಿದ್ದು ನಕ್ಕಿದ್ದಳು.

"ಹೆಣ್ಣಿಗೆ ಸಿಂಗಾರ ಎಲ್ಲ ಆಗಿದೆ. ಮದುವೆ ಯಾವಾಗಕ್ಕ?"

"ಓದ್ತಾ ಇದೀನಿ ಕಣೇ. ಐದನೇ ಪಾಠ ನಾಲ್ಕು ಸಲ ಆಯ್ತು."

"ಮುಚ್ಚಿಟ್ಟು ಹೇಳು ನೋಡೋಣ."

ಮುಚ್ಚಿದಳು. ಬಾಯಿ ತೆರೆದಳು. ಹಾಳೆಯ ಬಲಮೂಲೆಯಲ್ಲಿ ಬಿದ್ದಿದ್ದ ಕಾಫಿ ಕಲೆ ಕಣ್ಣಿಗೆ ಕಟ್ಟಿದಂತಿತ್ತು, ಅದರ ಪಕ್ಕದ ಸಾಲು ಮಾತ್ರ ಬರಲಿಲ್ಲ.

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು," ಎಂದಳು ತಂಗಿ. "ನಾಳೆಯಿಂದ ಕೆಲಸ ಮುಗಿಸಿ ಪಾರ್ಲರಿಗೆ ಬಾ. ಪುಸ್ತಕ ನಾನು ಹಿಡ್ಕೋತೀನಿ."

ತಂಗಿಯ ಬ್ಯೂಟಿ ಪಾರ್ಲರ್ ಮೆಡಿಕಲ್ ಶಾಪಿನ ಮಹಡಿಯಲ್ಲೇ ಇತ್ತು: ಎರಡು ಕುರ್ಚಿ, ಉದ್ದ ಕನ್ನಡಿ, ಸದಾ ಆನ್ ಆಗಿರುವ ಫ್ಯಾನು. ಮರುದಿನ ಸಂಜೆ ಕುರ್ಚಿಯಲ್ಲಿ ಬ್ಯಾಂಕ್ ಮೇಡಂ ಹುಬ್ಬು ತೀಡಿಸಿಕೊಳ್ಳುತ್ತಿದ್ದರು. ತಂಗಿಯ ಹಲ್ಲಿನ ನಡುವೆ ದಾರ, ಪಕ್ಕದ ಸ್ಟೂಲಿನ ಮೇಲೆ ಪುಸ್ತಕ. ಅಕ್ಕ ಸುಮ್ಮನೆ ನಿಲ್ಲಲಾರದೆ ಪೊರಕೆ ಎತ್ತಿಕೊಂಡು ನೆಲದ ಕೂದಲು ಗುಡಿಸತೊಡಗಿದಳು.

"ಫ್ರಿಜ್ಜಲ್ಲಿ ಇಡಬೇಕಾದ್ದು ಯಾವ್ಯಾವುದು?"

ಅಕ್ಕ ಗುಡಿಸುತ್ತಲೇ ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಮುಂದಿನ ಪ್ರಶ್ನೆಗೆ ಟವೆಲ್ ಮಡಿಸುತ್ತ, ಅದರ ಮುಂದಿನದಕ್ಕೆ ಕನ್ನಡಿ ಒರೆಸುತ್ತ. ನಿನ್ನೆ ಕೈಕೊಟ್ಟ ಐದನೇ ಪಾಠ ಮೂಲೆಯ ಕಸದ ಜೊತೆಗೇ ಹೊರಬಂತು.

"ಅಯ್ಯೋ, ಎರಡು ಸಲ ಫೇಲ್ ಅಂದ್ರಲ್ಲ, ಇವರೇನಾ?" ಬ್ಯಾಂಕ್ ಮೇಡಂ ಕಣ್ಣು ಬಿಟ್ಟರು. "ಆಹ್! ಮೆಲ್ಲಗಮ್ಮ!"

"ನೀವು ಅಲ್ಲಾಡ್ಬೇಡಿ, ಹುಬ್ಬು ಹೋಗತ್ತೆ." ತಂಗಿ ದಾರ ತೆಗೆದು ಅಕ್ಕನ ಕಡೆ ತಿರುಗಿದಳು. "ಇಷ್ಟೆಲ್ಲ ಗೊತ್ತಿದ್ದೂ ಅಲ್ಲೇನಾಗ್ತಿತ್ತು ನಿನಗೆ?"

"ಏನಿಲ್ಲ. ತಿಳಿದಷ್ಟು ಬರೆದೆ, ಎದ್ದು ಬಂದೆ."

"ಎಷ್ಟು ಹೊತ್ತಿಗೆ?"

ಅಕ್ಕ ಪೊರಕೆಯ ಕಡ್ಡಿ ಸರಿಮಾಡಿದಳು. "ಮೊದಲ ಬೆಲ್ ಆಗತ್ತಲ್ಲ. ಹೋಗೋರು ಹೋಗಬಹುದು ಅಂತ. ಆಗ."

"ಅರ್ಧ ಹೊತ್ತಿಗೇನಾ!"

"ಅತ್ತೆ ಊಟದ ಹೊತ್ತಾಗಿತ್ತು ಕಣೇ."

"ಎರಡನೇ ಸಲ ನಿಮ್ಮತ್ತೆ ಊರಲ್ಲೇ ಇರ್ಲಿಲ್ಲ. ಮಗಳ ಮನೇಲಿದ್ರು."

ಅದು ನಿಜ. ಆ ದಿನ ಅವಳು ಓಡೋಡಿ ಮನೆಗೆ ಬಂದು ಬೀಗ ತೆಗೆದಾಗ ಒಳಗೆ ಯಾರೂ ಇರಲಿಲ್ಲ. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಿದ್ದಳು. ಮದುವೆಯಾದಾಗಿನಿಂದ ಅವಳು ಕೈಯಲ್ಲಿ ಏನೂ ಇಲ್ಲದೆ ಕೂತದ್ದಿಲ್ಲ. ಕೂತರೆ ಯಾರೋ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಪರೀಕ್ಷೆಯ ಬೆಂಚೂ ಹಾಗೆಯೇ ಮುಳ್ಳಾಗಿತ್ತು.

"ತಲೆ ಸರಿಯಾಗೇ ಇದೆ. ಕಾಲಲ್ಲಿ ಚಕ್ರ," ಎಂದಳು ತಂಗಿ. "ಪರೀಕ್ಷೇಲಿ ಪೊರಕೆ ಕೊಡಲ್ಲ ಅಕ್ಕ. ಕೂರೋದನ್ನ ಕಲಿಬೇಕು ನೀನು."

ಭಾನುವಾರ ಅಂಗಡಿಗೆ ರಜೆ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ತಂಗಿ ಮುಖಕ್ಕೆ ಬಿಳಿ ಪ್ಯಾಕ್ ಬಳಿದಳು. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ, ಹಳೆಯ ಪ್ರಶ್ನೆಪತ್ರಿಕೆ.

"ಮಾತಾಡಿದ್ರೆ ಬಿರುಕು ಬಿಡತ್ತೆ. ಎದ್ದರೆ ಬೀದೀಲಿ ಮಕ್ಕಳು ಹೆದರ್ಕೋತಾರೆ. ಬರಿ."

ಅಕ್ಕ ಬರೆದಳು. ಸ್ವಲ್ಪ ಹೊತ್ತಿಗೆ ಪ್ಯಾಕ್ ಬಿಗಿಯಿತು, ಕಾಲು ಕುಣಿಯತೊಡಗಿತು. ನಲ್ಲಿಯಿಂದ ಎಲ್ಲೋ ಹನಿ ಬೀಳುತ್ತಿತ್ತು. ಎದ್ದು ತಿರುಗಿಸಿಬಿಡಲೇ? ಆಗಲೇ ಅವಳ ಫೋನ್ ಹೊಡೆದುಕೊಂಡಿತು. ತಂಗಿಯೇ ಎತ್ತಿದಳು.

"ಭಾವ, ಅಕ್ಕನ ಮುಖ ಗೋಡೆ ಆಗಿದೆ, ಮಾತಾಡಕ್ಕಾಗಲ್ಲ... ಕರೆಂಟ್ ಬಿಲ್ಲಾ? ಹುಡುಕಿ. ಇಬ್ಬರೂ ಒಂದೇ ಮನೇಲಿ ತಾನೇ ಇರೋದು?"

ಅಕ್ಕನಿಗೆ ಬಿಲ್ಲು ಎಲ್ಲಿದೆಯೆಂದು ಗೊತ್ತಿತ್ತು. ಮಾತು ಗಂಟಲವರೆಗೆ ಬಂದು ಕೆನ್ನೆಯ ಪ್ಯಾಕ್ ಚಿಟಿಕೆಯಷ್ಟು ಬಿರಿಯಿತು. ನುಂಗಿಕೊಂಡಳು. ಕಣ್ಣಂಚಿನಲ್ಲಿ ನೀರು ಬಂದದ್ದು ಉರಿಗೋ ಸಿಟ್ಟಿಗೋ ತಿಳಿಯಲಿಲ್ಲ. ಮುಂದಿನ ಪ್ರಶ್ನೆ ಓದಿದಳು. ಆಮೇಲೆ ಮನೆಯಿಂದ ಫೋನ್ ಬರಲೇ ಇಲ್ಲ. ಬಿಲ್ಲು ಸಿಕ್ಕಿರಬೇಕು. ತಾನಿಲ್ಲದೆಯೂ ಸಿಕ್ಕಿತೆಂಬುದು ಅವಳಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ಒಂದು ಬಗೆಯ ಪೆಟ್ಟಿನಂತಿತ್ತು.

ಪರೀಕ್ಷೆಯ ದಿನ ಅವಳ ಜಾಗ ಗೋಡೆಯ ಪಕ್ಕ. ಮುಂದಿನ ಬೆಂಚಿನಲ್ಲಿ ಅವಳಿಗೆ ಮಗಳಾಗಬಹುದಾದ ವಯಸ್ಸಿನ ಹುಡುಗಿ. ಬರೆದಳು. ಬರುವುದನ್ನೆಲ್ಲ ಬರೆದು ಮುಗಿಸುವಷ್ಟರಲ್ಲಿ ಮೊದಲ ಬೆಲ್ ಹೊಡೆಯಿತು. ಮುಂದಿನ ಹುಡುಗಿ ಎದ್ದಳು. ಇನ್ನೂ ಕೆಲವರು ಎದ್ದರು. ಬೆಂಚುಗಳು ಕಿರುಗುಟ್ಟಿದವು. ಅವಳ ಕಾಲು ತಾನಾಗಿ ಚಪ್ಪಲಿಯೊಳಗೆ ತೂರಿತು.

ಅವಳು ಚಪ್ಪಲಿ ಬಿಚ್ಚಿ ಬೆಂಚಿನಡಿ ದೂರ ತಳ್ಳಿದಳು.

ಏನು ಮಾಡುವುದು ಇನ್ನು? ಬೇರೆ ಕೆಲಸವಿಲ್ಲದೆ ಮೊದಲ ಪ್ರಶ್ನೆಯಿಂದ ಓದತೊಡಗಿದಳು. ಮಗುವಿನ ಲೆಕ್ಕಕ್ಕೆ ಬಂದಳು: ಮಗುವಿನ ತೂಕ, ತೂಕಕ್ಕೆ ತಕ್ಕ ಔಷಧಿ, ಒಂದು ಚಮಚ ಸಿರಪ್ಪಿನಲ್ಲಿ ಎಷ್ಟಿರುತ್ತದೆ ಎಂಬುದು. ಉತ್ತರ ಚೆಂದವಾಗಿ ಬಂದಿತ್ತು, ಕೆಳಗೆ ಗೆರೆಯನ್ನೂ ಎಳೆದಿದ್ದಳು. ಮತ್ತೆ ಓದಿದಳು. ಪ್ರಶ್ನೆಯಲ್ಲಿ ಕೊಟ್ಟದ್ದು ಇಡೀ ದಿನದ ಅಳತೆ. ಅದನ್ನು ಮೂರು ಹೊತ್ತಿಗೆ ಹಂಚಬೇಕಿತ್ತು. ಅವಳು ಅಷ್ಟನ್ನೂ ಒಂದೇ ಹೊತ್ತಿಗೆ ಕುಡಿಸಿದ್ದಳು.

ಹಾಳೆಯ ಮೇಲಿನ ಮಗುವೇ ಇರಬಹುದು. ಆದರೆ ಕೌಂಟರಿನಾಚೆ ಮಗುವನ್ನು ಎತ್ತಿಕೊಂಡು ನಿಂತ ತಾಯಂದಿರ ಮುಖ ಅವಳಿಗೆ ಗೊತ್ತಿತ್ತು. ಹಿಂದಿನ ಎರಡು ಸಲ ತಾನು ಎದ್ದು ಹೋದಾಗ ಇಂಥ ಎಷ್ಟು ಮಕ್ಕಳಿಗೆ ಕುಡಿಸಿ ಹೋಗಿದ್ದಳೋ!

ಹೊಡೆದು ಹಾಕಿ ಮತ್ತೆ ಬರೆದಳು. ಮುಂದಿನದನ್ನು ನೋಡಿದಳು, ಅದರ ಮುಂದಿನದನ್ನೂ. ಇನ್ನೊಂದು ಕಡೆ ತಪ್ಪು ಸಿಕ್ಕಿತು. ಕೊನೆಯ ಬೆಲ್ ಹೊಡೆದಾಗ ಕೋಣೆಯಲ್ಲಿ ಉಳಿದಿದ್ದವರು ಕೆಲವರೇ. ಮೇಲ್ವಿಚಾರಕರು ಪಕ್ಕದಲ್ಲಿ ಬಂದು ನಿಂತು ಕೈ ಚಾಚಿದರು.

"ಕೊಡೀಮ್ಮ, ಟೈಮಾಯ್ತು."

"ಸ್ವಲ್ಪ ತಡೀರಿ," ಎಂದಳು ಅವಳು ತಲೆಯೆತ್ತದೆ. "ಒಂದು ಸಾಲಿದೆ."