ಟೋಲೆಫ್ಸನ್ ಹೊಲ

ನಮ್ಮ ಕೌಂಟಿಯಲ್ಲಿ ಬದುಕಿರುವವರ ಹೆಸರಿನಿಂದ ಯಾವ ಹೊಲವನ್ನೂ ಕರೆಯುವುದಿಲ್ಲ. ಕೊಂಡವನು ಉತ್ತು ಬಿತ್ತಿ ಮುದುಕನಾದರೂ ಅದು ಹಿಂದಿನವನದೇ. ಟೋಲೆಫ್ಸನ್ ಮಣ್ಣು ಸೇರಿ ಎಷ್ಟೋ ಕಾಲವಾಯಿತು. ಅವನ ಹೊಲದ ಅರ್ಧ ನಾನು ಕೊಂಡೆ, ಇನ್ನರ್ಧ ಆರ್ವಿಡ್ ಕೊಂಡ. ಜನರ ಬಾಯಲ್ಲಿ ಎರಡೂ ಟೋಲೆಫ್ಸನ್ ಹೊಲವೇ.

ಆರ್ವಿಡ್ ತನ್ನ ಹೊಲದ ಮಳೆನೀರನ್ನು ನನ್ನ ಕಡೆಗೆ ತಿರುಗಿಸಿದ ವರ್ಷದಿಂದ ನಮಗೆ ಮಾತಿಲ್ಲ. ಎದುರಿಗೆ ಗಾಡಿ ಬಂದರೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತುವುದು ಇಲ್ಲಿಯ ಮರ್ಯಾದೆ. ಅವನಿಗೆ ನಾನು ಅದನ್ನೂ ಎತ್ತುತ್ತಿರಲಿಲ್ಲ.

ಈ ಸಲ ಕೊಯ್ಲಿನ ಹೊತ್ತಿಗೆ ಆರ್ವಿಡ್ ಕ್ಯಾನ್ಸರಿನಿಂದ ಹಾಸಿಗೆ ಹಿಡಿದ. ಅವನ ಸೋಯಾಬೀನ್ ಒಣಗಿ ನಿಂತಿತ್ತು. ಇನ್ನೇನು ಹಿಮ ಬೀಳುತ್ತದೆಂದು ರೇಡಿಯೋ ಹೇಳುತ್ತಿತ್ತು. ಬಿದ್ದರೆ ಬೆಳೆಯೆಲ್ಲ ಹಾಳು. ಕಾಯಿಲೆಯವನ ಬೆಳೆಯನ್ನು ನೆರೆಹೊರೆಯವರೇ ಕೊಯ್ದು ಕೊಡುವುದು ನಮ್ಮಲ್ಲಿ ವಾಡಿಕೆ. ನಮ್ಮ ನಾರ್ವೆ ಮೂಲದವರೆಲ್ಲ ತಂತಮ್ಮ ಹೊಲಗಳಲ್ಲಿ ಸಿಕ್ಕಿಕೊಂಡಿದ್ದರಿಂದ, ನದಿಯಾಚೆಯ ಚೆಕ್ ಜನ ಬರುತ್ತೇವೆಂದರು.

"ನೀವೂ ಹೋಗ್ರೀ," ಎಂದಳು ನನ್ನ ಹೆಂಡತಿ ಡೆಲೋರಿಸ್.

"ನಂಗೆ ಪೇಟೇಲಿ ಕೆಲಸ ಇದೆ," ಎಂದು ಹೊರಟೆ. ಕೆಲಸವೇನೂ ಇರಲಿಲ್ಲ.

ಮಧ್ಯಾಹ್ನ ತಿರುಗಿ ಬಂದು ನೋಡುತ್ತೇನೆ, ಅವರ ಕಟಾವು ಮಷಿನುಗಳೆಲ್ಲ ನನ್ನ ಹೊಲದಲ್ಲಿವೆ. ನನ್ನ ಸೋಯಾಬೀನ್ ಒಂದು ಗಿಡವೂ ಉಳಿದಿರಲಿಲ್ಲ. ಅವರ ಹಿರಿಯ ವೆನ್ಸಲ್ ನನ್ನ ಕೈಗೆ ಗಸಗಸೆ ತುಂಬಿದ ಬನ್ನು ಇಟ್ಟ.

"ಮುಗೀತು ನೋಡಪ್ಪ. ಇನ್ನು ಚಿಂತೆ ಬೇಡ ಅಂತ ಆರ್ವಿಡ್‌ಗೆ ಹೇಳು."

"ಇದು ನನ್ನ ಹೊಲ ಮಾರಾಯಾ."

"ಟೋಲೆಫ್ಸನ್ ಹೊಲ ಅಂದ್ರಲ್ಲ?"

"ಹೌದು, ಇದೂ ಟೋಲೆಫ್ಸನ್ ಹೊಲವೇ."

ವೆನ್ಸಲ್ ಮೋಡ ನೋಡಿದ. "ನಮ್ಮ ಜೋಳ ಇನ್ನೂ ನಿಂತಿದೆ. ನಾಳೆ ಬರೋಕಾಗಲ್ಲ," ಎಂದು ಪೆಚ್ಚುಮೋರೆ ಹಾಕಿಕೊಂಡು ಹೋದ.

ಡೆಲೋರಿಸ್ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಎಲ್ಲ ನೋಡಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ನೀನ್ಯಾಕೆ ತಡೀಲಿಲ್ಲ?"

"ತಡೆದಿದ್ರೆ ನೀವು ಅವನ ಹೊಲಕ್ಕೆ ಹೋಗ್ತಿದ್ರಾ?"

ಬನ್ನು ತಿಂದು ಮಷಿನು ಹತ್ತಿದೆ.

ಮಾರನೆಯ ದಿನ ಅವನ ಸೋಯಾಬೀನಿನ ಕೊನೆಯ ಸಾಲು ಕೊಯ್ಯುವಾಗ ಹಿಮದ ಹರಳು ಗಾಜಿಗೆ ಬಡಿಯತೊಡಗಿತ್ತು. ಹೊಲದಂಚಿನಲ್ಲಿ ಆರ್ವಿಡ್‌ನ ಗಾಡಿ ಬಂದು ನಿಂತಿತು. ಹೆಂಡತಿ ಓಡಿಸಿಕೊಂಡು ಬಂದಿದ್ದಳು. ಕಂಬಳಿಯೊಳಗೆ ಅವನು ಮೂಳೆ ಚಕ್ಕಳವಾಗಿದ್ದ. ನನ್ನ ಕಂಡು ಬೆರಳೆತ್ತಿದ. ನಾನೂ ಎತ್ತಿದೆ. ಇಳಿದು ಕಿಟಕಿಯ ಬಳಿ ಹೋದೆ.

"ನಿನ್ನ ಹೊಲ ಪುಕ್ಕಟೆ ಕೊಯ್ದ್ರಂತೆ. ಅದೃಷ್ಟವಂತ ಕಣಯ್ಯ ನೀನು," ಎಂದ. ನಗಲು ಹೋಗಿ ಕೆಮ್ಮಿದ. ಆಮೇಲೆ ಕೊಯ್ದ ನೆಲದ ಕಡೆ ಕೈ ತೋರಿದ.

"ಬರೋ ವರ್ಷ ಯಾರೂ ದಾರಿ ತಪ್ಪಲ್ಲ ಬಿಡು. ಇದನ್ನ ಆರ್ವಿಡ್ ಹೊಲ ಅಂತಾರೆ."



"ಅವಸರ ಏನಿದೆಯೋ," ಎಂದೆ. "ಟೋಲೆಫ್ಸನ್ ಹೊಲ ಅಂತ್ಲೇ ಇರ್ಲಿ."