ಮೊಳೆಯ ಎದೆ, ಕತ್ತರಿಯ ಹೊಟ್ಟೆಕಿಚ್ಚು

ಸೋಫಾ ತಯಾರಿಸುವ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನಿಗೆ ಕತ್ತರಿ ಎಂದೂ, ಚೌಕಟ್ಟಿಗೆ ಬಟ್ಟೆ ಬಡಿಯುವವನಿಗೆ ಮೊಳೆ ಎಂದೂ ಹೆಸರು. ಹೆತ್ತವರಿಟ್ಟ ಹೆಸರು ಕೇಳಿದರೆ ಇಬ್ಬರೂ ಒಂದು ಕ್ಷಣ ಯೋಚಿಸಬೇಕಿತ್ತು. ಶನಿವಾರ ಸಂಜೆ ಮೂಲೆಯ ಬಾರಿನಲ್ಲಿ ಎದುರುಬದುರು ಕೂತು, ಲೋಕವನ್ನೆಲ್ಲ ಬೈದು, ಹೆಗಲ ಮೇಲೆ ಕೈ ಹಾಕಿಕೊಂಡು ಮನೆಗೆ ಹೋಗುವುದು ಅವರ ವಾಡಿಕೆ.

ಒಂದು ಭಾನುವಾರ ಬೆಳಿಗ್ಗೆ ಮೊಳೆಯ ಎದೆಬಡಿತ ದಾರಿ ತಪ್ಪಿತು. ಓಡುವುದು, ಒಂದು ಬಡಿತ ನುಂಗುವುದು, ಮತ್ತೆ ಓಡುವುದು. ಆಸ್ಪತ್ರೆಯ ಡಾಕ್ಟರಮ್ಮ ಇಸಿಜಿ ನೋಡಿ ನೇರವಾಗಿ ಹೇಳಿದರು.

"ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯೋದು ಬಿಟ್ಟು ನಡುಗ್ತಿವೆ. ನಿನ್ನೆ ಕುಡಿದಿದ್ದರ ಫಲ ಇದು. ನಡುಗೋ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದ್ರೆ ಕೈಕಾಲು ಬಿದ್ದುಹೋಗುತ್ತೆ. ನಿಮಗಿನ್ನು ಒಂದು ಲೋಟವೂ ಬೇಡ."

ಔಷಧಿ ಕೊಟ್ಟ ಮೇಲೆ ಬಡಿತ ಹದಕ್ಕೆ ಬಂತು. ಮೊಳೆ ಹೆದರಿ, ಇನ್ನು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟು, ಕುಡಿತ ಬಿಟ್ಟ.

ಅದನ್ನಾದರೂ ಕತ್ತರಿ ಸಹಿಸಿಕೊಳ್ಳುತ್ತಿದ್ದ. ಆದರೆ ಶನಿವಾರದ ಸಂಜೆ ಈಗ ಮೊಳೆಯ ಭಾವಮೈದುನನ ಪಾಲಾಗಿತ್ತು. ಚಹಾ ಕೂಡ ಮುಟ್ಟದ, ಬನಿಯನ್ನಿಗೂ ಇಸ್ತ್ರಿ ಹಾಕುವ ಮನುಷ್ಯ! ಇಬ್ಬರೂ ಸೇರಿ ಎಷ್ಟು ಸಲ ಅವನನ್ನು ಆಡಿಕೊಂಡು ನಕ್ಕಿದ್ದರೋ. ಈಗ ಮೊಳೆ ಅವನೊಡನೆ ಪಾರ್ಕಿನಲ್ಲಿ ವಾಕಿಂಗ್ ಮಾಡಿ, ಸೋಮವಾರ ಬಂದು, "ನಮ್ ಭಾವಮೈದುನ ಏನ್ ತಮಾಷೆ ಮಾಡ್ತಾನೆ ಗೊತ್ತಾ?" ಅನ್ನುತ್ತಿದ್ದ. ಮೊಳೆಯನ್ನು ನಗಿಸುವುದು ಇಷ್ಟು ವರ್ಷ ಕತ್ತರಿಯ ಕೆಲಸವಾಗಿತ್ತು. ಒಂದು ಸಂಜೆ ಪಾರ್ಕಿನ ಬೇಲಿಯ ಆಚೆ ನಿಂತು, ಅವರಿಬ್ಬರೂ ಬಿದ್ದು ಬಿದ್ದು ನಗುವುದನ್ನು ನೋಡಿದ. ಹೊಟ್ಟೆ ಧಗಧಗ ಉರಿಯಿತು. ಮನೆಗೆ ಬಂದು, ಹೆಂಡತಿ ಬಡಿಸಿದ್ದನ್ನು ಹಾಗೇ ಬಿಟ್ಟು ಮಲಗಿದ.

ದೊಡ್ಡ ಹೋಟೆಲೊಂದು ಹೇಳಿ ಮಾಡಿಸಿದ ಸೋಫಾಗಳೆಲ್ಲ ಲಾರಿ ಹತ್ತಿದ ಶನಿವಾರ ಮಾಲೀಕರು ಎಲ್ಲರಿಗೂ ಕೋಲಾ ತರಿಸಿದರು. ಕತ್ತರಿ ಫೋಮ್ ರಾಶಿಯ ಹಿಂದೆ ಹೋಗಿ ಮೊಳೆಯ ಲೋಟಕ್ಕೆ ಧಾರಾಳವಾಗಿ ರಮ್ ಸುರಿದ. ಕೇಡು ಮಾಡುವ ಯೋಚನೆ ಅವನಿಗೆ ಕನಸಿನಲ್ಲೂ ಇರಲಿಲ್ಲ. ಡಾಕ್ಟರಮ್ಮ ಸುಮ್ಮನೆ ಹೆದರಿಸಿದ್ದಾರೆ, ಒಂದು ಲೋಟಕ್ಕೆ ಏನಾದೀತು, ಒಳಗೆ ಬಿದ್ದರೆ ಹಳೆಯ ಗೆಳೆಯ ತಾನಾಗಿ ವಾಪಸು ಬರುತ್ತಾನೆ ಎಂದು ಅವನ ಎಣಿಕೆ.

ಮೊಳೆ ಒಂದು ಗುಟುಕು ಕುಡಿದ, ಕತ್ತರಿಯ ಮುಖ ನೋಡಿದ, ಉಳಿದದ್ದನ್ನೂ ಕುಡಿದ. ಆಮೇಲೆ ಇಬ್ಬರೂ ಮಾಲೀಕರ ನಡಿಗೆಯನ್ನು ಅಣಕಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಾರ್ಕಿನಲ್ಲಿ ಭಾವಮೈದುನ ಒಬ್ಬನೇ ಕಾಯುತ್ತಿರುತ್ತಾನೆಂದು ನೆನೆದು ಕತ್ತರಿಗೆ ಸ್ವರ್ಗ ಮೂರೇ ಗೇಣು.

ಮರುದಿನ ಬೆಳಿಗ್ಗೆ ಮೊಳೆಯ ಹೆಂಡತಿ ಫೋನ್ ಮಾಡಿದಳು. "ಅಣ್ಣಾ, ಇವರಿಗೆ ಮತ್ತೆ ಶುರುವಾಗಿದೆ. ಆಸ್ಪತ್ರೆಗೆ ಬೇಗ ಬನ್ನಿ."

ಕತ್ತರಿ ಹೋಗುವಷ್ಟರಲ್ಲಿ ಹಾಸಿಗೆಯ ಪಕ್ಕದ ಪರದೆಯ ಮೇಲೆ ಗೆರೆ ಅಡ್ಡಾದಿಡ್ಡಿ ಓಡುತ್ತಿತ್ತು. ಡಾಕ್ಟರಮ್ಮ, "ಕುಡಿದಿದ್ರಾ?" ಎಂದು ಮೊಳೆಯನ್ನು ಕೇಳಿದರು.

"ಇವರು ಮುಟ್ಟಿಲ್ಲ ಡಾಕ್ಟ್ರೇ, ಆಣೆ ಮಾಡಿ ಹೇಳ್ತೀನಿ," ಎಂದಳು ಹೆಂಡತಿ.

"ಕುಡಿದೆ," ಎಂದ ಮೊಳೆ. "ಆಸೆ ತಡ್ಕೊಳ್ಳೋಕಾಗ್ಲಿಲ್ಲ."

ಅವಳು ಎದ್ದು ಹೊರಗೆ ಹೋದಳು. ಜೊತೆಗೆ ಬಂದಿದ್ದ ಭಾವಮೈದುನ ಅಕ್ಕನ ಹಿಂದೆಯೇ ಹೋದ. ಡಾಕ್ಟರಮ್ಮ ಇಂಜೆಕ್ಷನ್ ತರಲು ನರ್ಸನ್ನು ಕರೆಯುತ್ತಾ ನಡೆದರು.

ಕತ್ತರಿ ಹಾಸಿಗೆಯ ಮೇಲೆ ಬಗ್ಗಿದ. "ನಿನಗೆ ಗೊತ್ತಿತ್ತಾ?"

"ಮೊದಲ ಗುಟುಕಿಗೇ ಗೊತ್ತಾಯ್ತು ಕಣೋ. ಇಷ್ಟು ವರ್ಷ ಕುಡಿದ ನಾಲಿಗೆ ಇದು."

"ಉಗುಳೋದಲ್ವೇನೋ, ಮುಠ್ಠಾಳ!"

"ನೀನು ಹಸಿದ ಮಗು ಥರ ನೋಡ್ತಾ ನಿಂತಿದ್ದೆ. ಉಗುಳಿದ್ರೆ ಇನ್ನು ನನ್ನ ಹತ್ರ ಬರ್ತಿರಲಿಲ್ಲ ನೀನು." ಮೊಳೆ ಕಷ್ಟಪಟ್ಟು ಉಸಿರೆಳೆದುಕೊಂಡ. "ನಿನಗೋಸ್ಕರ ಒಂದು ಲೋಟ ಕುಡಿದೆ. ಇನ್ನೊಂದು ಕೇಳಬೇಡ."

ಭಾವಮೈದುನನಿಗಾಗಿ ಮೊಳೆ ಇಷ್ಟು ಮಾಡುತ್ತಿರಲಿಲ್ಲ ಎಂದು ಹೊಳೆದು, ಅಂಥ ಹೊತ್ತಿನಲ್ಲೂ ಕತ್ತರಿಗೆ ಒಂದು ಕ್ಷಣ ಖುಷಿಯಾಯಿತು. ಮರುಕ್ಷಣವೇ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಕತ್ತರಿ ಹೊರಗೆ ಬಂದಾಗ ಮೊಳೆಯ ಹೆಂಡತಿ ಗೋಡೆಗೆ ಒರಗಿ ಅಳುತ್ತಿದ್ದಳು. ಭಾವಮೈದುನ ನೀರಿನ ಬಾಟಲಿ ಹಿಡಿದು, "ನಿನ್ನೆ ನಾನೇ ಹೋಗಿ ಭಾವನ್ನ ಕರ್ಕೊಂಡು ಬರಬೇಕಿತ್ತು ಅಕ್ಕಾ," ಎನ್ನುತ್ತಿದ್ದ. ಬೇರೆ ಯಾರ ಎದುರಾದರೂ ಸರಿ, ಇವನ ಎದುರು ಬೇಡ ಎನ್ನಿಸಿತು ಕತ್ತರಿಗೆ. ಆದರೂ ಹತ್ತಿರ ಹೋದ.

"ಅವನು ಮಾತು ತಪ್ಪಿಲ್ಲ ಕಣಮ್ಮ," ಎಂದ. "ಅವನ ಕೋಲಾಕ್ಕೆ ರಮ್ ಬೆರೆಸಿದ್ದು ನಾನು."